ಗೋಡಂಬಿಗೆ ಶಾಲು, ಅಂಟಿಗೆ ಅರ್ಜಿ

ಗೋಕಾಕದ ಕರದಂಟು ಕೈಗೆ ಬಂದರೆ ನಮ್ಮ ಜನ ಮೊದಲು ಗೋಡಂಬಿ ಎಣಿಸುತ್ತಾರೆ. ಆಮೇಲೆ ಬದಾಮಿ, ಉತ್ತತ್ತಿ, ಒಣಕೊಬ್ಬರಿ. ‘ಭಾಳ ಛಲೋ ಮಾಲ್ ಹಾಕ್ಯಾರ ನೋಡ್ರಿ’ ಎಂಬ ಸರ್ಟಿಫಿಕೇಟೂ ಅವುಗಳಿಗೇ. ಕರಿದ ಅಂಟು ಇರುವುದರಿಂದಲೇ ಅದು ಕರದಂಟು ಎನ್ನುವುದು ತಿನ್ನುವ ಬಾಯಿಗೆ ನೆನಪಿರುವುದಿಲ್ಲ. ಹಿಡಿದಿಡುವುದು ಬೆಲ್ಲದ ಪಾಕವೂ ಹೌದಲ್ಲ ಎಂದು ಮಿಠಾಯಿಯವರು ತಕರಾರು ತೆಗೆಯಬಹುದು. ಒಪ್ಪಿದೆ. ಪಾಕಕ್ಕೂ ಯಾರೂ ಶಾಲು ಹೊದಿಸಿಲ್ಲ.

ಇದೇ ಲೆಕ್ಕದಲ್ಲಿ ಹಸುಗೂಸಿನ ಹೃದಯಕ್ಕೆ ನಮ್ಮ ಹತ್ತರಗಿಯಲ್ಲಿ ಒಂದು ಸನ್ಮಾನ ಇಟ್ಟುಕೊಂಡರೆ ಹೇಗಿರುತ್ತದೆ ಎಂದು ಯೋಚಿಸಿದೆ. ಟೋಲ್ ನಾಕಾದಿಂದ ಊರೊಳಗಿನವರೆಗೆ ಫ್ಲೆಕ್ಸ್. ಫ್ಲೆಕ್ಸಿನ ತುಂಬ ಹೃದಯ ಸ್ನಾಯು, ಕೈ ಮುಗಿದ ಭಂಗಿಯಲ್ಲಿ: ‘ನಿಮಿಷಕ್ಕೆ ನೂರಿಪ್ಪತ್ತಕ್ಕೂ ಹೆಚ್ಚು ಸಲ ಬಡಿಯುವ ಧೀಮಂತ ನಾಯಕ’. ಕವಾಟಗಳದು ಗೌರವ ಉಪಸ್ಥಿತಿ. ಮಹಾಪಧಮನಿಗೆ ಮೊದಲ ಸಾಲಿನಲ್ಲಿ ಸೋಫಾ. ಜಮಖಾನ ಹಾಸಿ, ಕುರ್ಚಿ ಸಾಲುಮಾಡಿ, ಮೈಕಿನ ವೈರು ಎಳೆದು, ವೇದಿಕೆಯ ಹಿಂದೆ ನಿಂತವನ ಹೆಸರು ಫೈಬ್ರೊಬ್ಲಾಸ್ಟ್. ಆಮಂತ್ರಣ ಪತ್ರಿಕೆಯಲ್ಲಿ ಅವನಿಗೆ ಇದ್ದದ್ದು ವಂದನಾರ್ಪಣೆ ಮಾತ್ರ. ಸಮಯದ ಅಭಾವದಿಂದ ಅದನ್ನೂ ಕೈಬಿಡಲಾಯಿತು.

ಒಂಬತ್ತನೇ ತರಗತಿಯ ಪುಸ್ತಕದಲ್ಲಿ ‘ಸಂಯೋಜಕ ಅಂಗಾಂಶ’ ಎಂದು ಎರಡು ಅಂಕಕ್ಕೆ ಓದಿ ಮರೆತೆವಲ್ಲ, ಆ ಮನೆತನದವನು ಇವನು. ಗರ್ಭದಲ್ಲಿ ಹೃದಯದ ಹೊರ ಹೊದಿಕೆಯಿಂದ ಇವನ ಬಳಗದ ಬಹುಪಾಲು ಒಳಗಿಳಿದು ಸ್ನಾಯು ಕೋಶಗಳ ನಡುವೆ ಬಿಡಾರ ಹೂಡುತ್ತದೆ. ಕೊಲಾಜನ್, ಫೈಬ್ರೊನೆಕ್ಟಿನ್ ಎಂಬ ಗಾರೆ ಕಲಸಿ ಹಾಕುವುದು ಇವನೇ. ಇವನ ದಾಯಾದಿಗಳದು ಇನ್ನೊಂದು ಕೆಲಸ. ಹೃದಯದ ಒಳಪದರದ ಕೆಲವು ಕೋಶಗಳು ತಮ್ಮ ಜಾಗದ ಹಿಡಿತ ಬಿಟ್ಟು ಒಳಗಿನ ಮೆತ್ತೆಗೆ ನುಗ್ಗಿ, ಸಂಯೋಜಕ ಕೋಶಗಳಾಗಿ, ಕವಾಟ ಕಟ್ಟುತ್ತವೆ, ಕೋಣೆಗಳ ನಡುವಿನ ಗೋಡೆಗೂ ಪಾಲು ಕೊಡುತ್ತವೆ. ಈ ಕೆಲಸ ಅರ್ಧಕ್ಕೆ ನಿಂತರೆ ‘ಕೂಸಿನ ಹಾರ್ಟಿನಾಗ ಹೋಲ್ ಐತಿ’ ಎನ್ನುವ ಮಾತು ಮನೆಗೆ ಬರಬಹುದು. ಆಗಲೂ ಬೈಗುಳ ಹಣೆಬರಹಕ್ಕೆ. ಗೌಂಡಿಯ ಹೆಸರು ಅಲ್ಲಿಯೂ ಬರುವುದಿಲ್ಲ.

ಗಾರೆ ಕಲಸುವುದಷ್ಟೇ ಇವನ ಉದ್ಯೋಗವೆಂದು ವಿಜ್ಞಾನಿಗಳೂ ಬಹುಕಾಲ ನಂಬಿದ್ದರು. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗ್ಲ್ಯಾಡ್‌ಸ್ಟೋನ್ ಸಂಸ್ಥೆಯಲ್ಲಿ ಮಸಾಕಿ ಇಯೆದಾ, ದೀಪಕ್ ಶ್ರೀವಾಸ್ತವ ಮತ್ತು ಸಂಗಡಿಗರು ಇಲಿಯ ಹೃದಯದ ಸ್ನಾಯು ಕೋಶಗಳನ್ನು ಭ್ರೂಣದ ಫೈಬ್ರೊಬ್ಲಾಸ್ಟ್‌ಗಳ ಜೊತೆ ಬೆಳೆಸಿ ನೋಡಿದರು. ಸ್ನಾಯು ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚಿದವು. ಬಲಿತ ಇಲಿಯ ಫೈಬ್ರೊಬ್ಲಾಸ್ಟ್‌ಗಳ ಜೊತೆ ಇಟ್ಟಾಗ ಸಂಖ್ಯೆ ಹೆಚ್ಚಲಿಲ್ಲ, ಇದ್ದ ಕೋಶಗಳೇ ಊದಿಕೊಂಡವು. ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಪಕ್ಷಗಳ ತಾಲ್ಲೂಕು ಘಟಕಗಳು. ಹೊಸ ಕಾರ್ಯಕರ್ತ ಹುಟ್ಟುವುದಿಲ್ಲ. ಇದ್ದವನ ಮೈ ಬೆಳೆಯುತ್ತದೆ, ಗಾಡಿ ಬೆಳೆಯುತ್ತದೆ, ಕೊರಳ ಸರವೂ ಬೆಳೆಯುತ್ತದೆ.

ಆದರೂ ಬಲಿತವನನ್ನು ಖಳನಾಯಕ ಮಾಡಬಾರದು. 2020ರಲ್ಲಿ ಇಲಿಮರಿಗಳ ಹೃದಯವನ್ನು ಒಂದೊಂದೇ ಕೋಶ ಬಿಡಿಸಿ ನೋಡಿದ ಸಂಶೋಧಕರಿಗೆ ಕಂಡದ್ದು ಇದು: ಹುಟ್ಟಿದ ಮೇಲೆ ಫೈಬ್ರೊಬ್ಲಾಸ್ಟ್ ತಾನು ಎಳಸುತನ ಬಿಟ್ಟು ಪ್ರಾಯಕ್ಕೆ ಬರುತ್ತದೆ, ಆ ಬದಲಾವಣೆಯೇ ಸ್ನಾಯು ಕೋಶವನ್ನೂ ಬಲಿಯುವಂತೆ ಮಾಡುತ್ತದೆ. ಇಷ್ಟು ದಿನ ‘ಬೆಳಿಯಪಾ’ ಎಂದವನೇ ಹೊತ್ತು ನೋಡಿ ‘ಸಾಕು, ಇನ್ನ ದುಡಿ’ ಎನ್ನುತ್ತಾನೆ. ಮಗನಿಗೆ ಮೂವತ್ತೈದಾದರೂ ಎರಡನೆಯ ಮಾತು ಬಾಯಿಗೆ ಬಾರದ ಮನೆಗಳು ನಮ್ಮ ಕಡೆ ಎಷ್ಟಿಲ್ಲ!

ಹೃದಯಕ್ಕೆ ‘ಬೆಳಿಯಪಾ’ ಎನ್ನುವ ಹೊತ್ತು ಬಹಳ ಸಣ್ಣದು. 2011ರಲ್ಲಿ ಅಮೆರಿಕದ ಡಲ್ಲಾಸಿನವರು ಒಂದು ದಿನದ ಇಲಿಮರಿಯ ಹೃದಯದ ತುದಿ ಕತ್ತರಿಸಿದರು, ಕುಹರದ ಸುಮಾರು ಶೇ. 15ರಷ್ಟು. ಮೂರು ವಾರದಲ್ಲಿ ಅದು ಮತ್ತೆ ಬೆಳೆದು ನಿಂತಿತು. ಏಳು ದಿನದ ಮರಿಗೆ ಅದೇ ಮಾಡಿದಾಗ ಹೃದಯ ಬೆಳೆಯಲಿಲ್ಲ, ಕಲೆ ಉಳಿಯಿತು. ಆ ಕಲೆ ಹಾಕುವವನೂ ನಮ್ಮ ಫೈಬ್ರೊಬ್ಲಾಸ್ಟೇ. ಬಡಿಯಲು ಬಾರದ, ಆದರೆ ಹರಿಯಲು ಬಿಡದ ತೇಪೆ. ಹೃದಯಾಘಾತವಾದ ಹಿರಿಯರ ಎದೆಯಲ್ಲಿಯೂ ಅವನು ಹಾಕುವುದು ಅದನ್ನೇ. ಇಲ್ಲವಾದರೆ ಗೋಡೆಯೇ ಸೀಳುತ್ತಿತ್ತು. ನಮ್ಮ ಗುತ್ತಿಗೆದಾರರು ಮಳೆಗಾಲಕ್ಕೆ ಮುಂಚೆ ರಸ್ತೆಗೆ ಹಾಕುವ ತೇಪೆಯನ್ನು ಕಂಡವರು ಇವನಿಗೆ ಕೈ ಮುಗಿಯಬೇಕು.

ಇಲಿಗೆ ಏಳು ದಿನವಾದರೆ ನಮ್ಮ ಸರಕಾರ ಕೂಸನ್ನು ಮನೆಗೇ ಹೋಗಿ ನೋಡಲು ಲೆಕ್ಕ ಹಾಕಿರುವುದು ನಲವತ್ತೆರಡು ದಿನ. ಇಲ್ಲಿ ನನಗೆ ಊರಿನ ಫೈಬ್ರೊಬ್ಲಾಸ್ಟ್ ನೆನಪಾಗುತ್ತಾಳೆ. ಗುಲಾಬಿ ಸೀರೆ, ಹೆಗಲಿಗೆ ಚೀಲ, ಚೀಲದಲ್ಲಿ ತೂಕದ ಜೋಳಿಗೆ ಮತ್ತು ಥರ್ಮಾಮೀಟರು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಹುಟ್ಟಿದ ಆಶಾ ಕಾರ್ಯಕರ್ತೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂದ ಮೇಲೆ ಹುಟ್ಟು ಹೃದಯದೋಷದ ಸುಳಿವು ಹಿಡಿಯುವ ಕೆಲಸವೂ ಅವಳ ಹೆಗಲಿಗೆ ಬಿತ್ತು.

‘ಏನೂ ಆಗಿಲ್ಲಬೇ, ಕೂಸು ಅಂದ್ರ ಅಳತೈತಿ’ ಎನ್ನುತ್ತಾಳೆ ಅತ್ತೆ.

‘ಅಳೂದು ಇರಲಿ ಆಯಿ. ಹಾಲು ಕುಡಿಯೂಮುಂದ ಹಣಿ ಬೆವರತೈತಿ, ನಡುನಡುವ ಬಿಟ್ಟು ತೇಕತೈತಿ. ತುಟಿ ನೀಲಿ ಆಗೇತಿ ನೋಡ್ರಿ’ ಎನ್ನುತ್ತಾಳೆ ಆಶಾ.

ಆ ಎರಡು ಸಾಲಿನಿಂದ ಕೂಸು ಆಸ್ಪತ್ರೆಗೆ ಹೋಗುತ್ತದೆ, ಅಲ್ಲಿಂದ ಬೆಳಗಾವಿಗೆ, ಬೇಕಾದರೆ ಐನೂರು ಕಿಲೋಮೀಟರ್ ದಾಟಿ ಬೆಂಗಳೂರಿಗೆ. ಶಸ್ತ್ರಚಿಕಿತ್ಸೆ ಯಶಸ್ವಿಯಾದರೆ ಪೇಪರಿನಲ್ಲಿ ಫೋಟೊ: ನಡುವೆ ಸರ್ಜನ್, ಬಲಕ್ಕೆ ಜನಪ್ರತಿನಿಧಿ, ಎಡಕ್ಕೆ ಆಡಳಿತಾಧಿಕಾರಿ. ಸರ್ಜನ್ ಆ ಜಾಗಕ್ಕೆ ಅರ್ಹರೇ. ಉಳಿದಿಬ್ಬರು ಯಾವ ಅಂಗಾಂಶಕ್ಕೆ ಸೇರಿದವರೆಂದು ಪುಸ್ತಕದಲ್ಲಿ ಹುಡುಕಿದೆ, ಕೊಬ್ಬಿನ ಅಧ್ಯಾಯದವರೆಗೆ ಹೋಗಬೇಕಾಯಿತು.

ಆಶಾಳಿಗೆ ಕೊಡುವ ದುಡ್ಡಿಗೆ ಸಂಬಳ ಎನ್ನುವಂತಿಲ್ಲ. ಸಂಬಳ ಎಂದರೆ ಅವಳು ನೌಕರಳಾಗಿಬಿಡುತ್ತಾಳೆ, ಪಿಂಚಣಿ, ರಜೆ ಎಂದು ಬಾಲ ಬೆಳೆಯುತ್ತದೆ. ಆದ್ದರಿಂದ ಅದು ಗೌರವಧನ. ಕನ್ನಡದಲ್ಲಿ ಗೌರವ ಎಂಬ ಪದಕ್ಕೆ ಇಷ್ಟು ಅಗ್ಗದ ಬಾಡಿಗೆ ಬೇರೆಲ್ಲೂ ಸಿಕ್ಕಿಲ್ಲ. 2025ರ ಜನವರಿಯ ಚಳಿಯಲ್ಲಿ ಇವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕುಳಿತರು, ತಿಂಗಳಿಗೆ ಹತ್ತು ಸಾವಿರ ಖಚಿತ ಎಂಬ ಭರವಸೆ ಪಡೆದು ಎದ್ದರು. ಭರವಸೆಯೂ ಒಂದು ಬಗೆಯ ತೇಪೆಯೇ.

ಹೆರಿಗೆ ಆಸ್ಪತ್ರೆಯಲ್ಲಾದರೆ ಆಶಾ ಆ ಮನೆಗೆ ಹೋಗಬೇಕಾದ ದಿನಗಳು 3, 7, 14, 21, 28 ಮತ್ತು 42. ಈ ಆರು ಭೇಟಿಗೆ 2011ರಲ್ಲಿ ನಿಗದಿಯಾದ ಪ್ರೋತ್ಸಾಹಧನ, ಆರೂ ಸೇರಿ, 250 ರೂಪಾಯಿ.