ಗೋಡೆಯೊಳಗಿನ ಒಪ್ಪಂದಗಳು

ಹೊಸ ಮನೆಯ ವೈರಿಂಗ್ ಶುರುವಾಗುವುದು ಬಣ್ಣ ಬಳಿದ ಮೇಲಲ್ಲ, ತಾರಸಿಗೆ ಕಾಂಕ್ರೀಟ್ ಸುರಿಯುವ ಮೊದಲು. ಕಟ್ಟಿದ ಕಂಬಿಗಳ ನಡುವೆಯೇ ಪಿವಿಸಿ ಪೈಪು, ಫ್ಯಾನಿನ ಡಬ್ಬಿ ಕೂರಿಸಬೇಕು. ಅಂದರೆ ಮಂಚ ಎಲ್ಲಿ ಬರುತ್ತದೆಂದೇ ಗೊತ್ತಿಲ್ಲದ ದಂಪತಿ, ಫ್ಯಾನ್ ಎಲ್ಲಿ ತಿರುಗಬೇಕೆಂದು ಅಂದೇ ತೀರ್ಮಾನಿಸಬೇಕು. 'ನಟ್ಟನಡುವೆ ಇರಲಿ' ಎಂಬುದೊಂದೇ ಈ ಹಂತದ ಒಮ್ಮತ.

ಗಿಲಾವಿಗೆ ಮುಂಚೆ ಎಲೆಕ್ಟ್ರಿಷಿಯನ್ ಸೀಮೆಸುಣ್ಣ ಹಿಡಿದು ಬಂದಾಗ ನಿಜವಾದ ಕಥೆ. ಯಜಮಾನರ ಲೆಕ್ಕದಲ್ಲಿ ಅಡುಗೆಮನೆಗೆ ಎರಡು ಪಾಯಿಂಟ್ ಧಾರಾಳ. ಮನೆಯಾಕೆ ಮಿಕ್ಸಿ, ಗ್ರೈಂಡರ್, ಫ್ರಿಜ್, ಫಿಲ್ಟರ್, ಚಿಮಣಿ, ಓವನ್ ಎಂದು ಬೆರಳು ಮಡಿಸುತ್ತ ಎರಡನೇ ಕೈಗೆ ಹೋಗುತ್ತಾರೆ. ಟಿವಿಯ ಹಿಂದೆ ಆರು ಪಾಯಿಂಟ್ ಗುರುತು ಹಾಕಿಸಿದವರು ಅದೇ ಯಜಮಾನರು. ಪಾಯಿಂಟ್ ಲೆಕ್ಕದಲ್ಲಿ ಕೂಲಿ ಪಡೆಯುವ ಎಲೆಕ್ಟ್ರಿಷಿಯನ್ ಯಾರ ಪಕ್ಷವನ್ನೂ ವಹಿಸದೆ ಎಲ್ಲವನ್ನೂ ಬರೆದುಕೊಳ್ಳುತ್ತಾನೆ.

ತಂತಿಯ ದಪ್ಪದಲ್ಲಿ ಮಾತ್ರ ಜಗಳಕ್ಕೆ ಜಾಗ ಕಡಿಮೆ. ದೀಪ, ಫ್ಯಾನಿಗೆ ಸಾಮಾನ್ಯವಾಗಿ 1.5, 16 ಆಂಪಿಯರ್ ಸಾಕೆಟ್ಟಿಗೆ 2.5, ಗೀಸರ್, ಎಸಿಗೆ 4 ಚದರ ಮಿಲಿಮೀಟರ್. 230 ವೋಲ್ಟಿನಲ್ಲಿ 2,000 ವಾಟ್ ಗೀಸರೊಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ಇಲ್ಲಿ ಉಳಿಸಿದ ದುಡ್ಡು ಗೋಡೆಯೊಳಗೆ ಬಿಸಿಯಾಗುತ್ತದೆ. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ನೀರು ಹೊಯ್ಯುವಾಗ, ಇದು ಯಾವ ಶಾಂತಿ ಎಂದು ನೆಂಟರು ಕೇಳುವುದುಂಟು.

ಮಲಗುವ ಕೋಣೆಗೆ ಟೂ ವೇ ಸ್ವಿಚ್: ಬಾಗಿಲ ಬಳಿ ಒಂದು, ಮಂಚದ ಬಳಿ ಒಂದು. ಗೃಹಪ್ರವೇಶ ಮುಗಿಯುವಷ್ಟರಲ್ಲಿ ಎರಡನೆಯದು ಬೀರುವಿನ ಹಿಂದೆ ಸೇರಿರುತ್ತದೆ. ದೀಪ ಆರಿಸಲು ಯಾರು ಏಳಬೇಕೆಂಬ ಚರ್ಚೆ ಬಾಡಿಗೆ ಮನೆಯಿಂದ ಸಾಮಾನಿನ ಜೊತೆಗೇ ಬಂದಿರುತ್ತದೆ.