ಚಿಲ್ಲರೆ ಇದೆಯಾ?

ರಾತ್ರಿ ಊಟಕ್ಕೆ ಕೂತಾಗ, ಆಕ್ಟೋಪಸ್‌ಗೆ ಮೂರು ಹೃದಯ ಇರುತ್ತವೆ ಎಂದೆ. ಯಾರೂ ಕೇಳಿರಲಿಲ್ಲ, ನಿಜ. ಆದರೆ ಹುಳಿಯ ಜೊತೆ ಮಾತೂ ಸಪ್ಪೆಯಾಗಬಾರದಲ್ಲ! ಮೊಮ್ಮಗಳು ಮೊಬೈಲಿನಿಂದ ತಲೆಯೆತ್ತದೆ, ‘ತಾತಾ, ಅದು ಟ್ರಿವಿಯಾ’ ಅಂದಳು.

‘ಹಾಗಂದ್ರೆ ಏನೇ?’ ಮಜ್ಜಿಗೆ ಬಡಿಸುತ್ತಾ ನನ್ನವಳು ಕೇಳಿದಳು.

‘ಯಾವುದಕ್ಕೂ ಬೇಡದ್ದು, ಅಜ್ಜಿ.’

‘ಓ, ಚಿಲ್ಲರೆ!’ ಎಂದು ಇವಳು ನನ್ನತ್ತ ನೋಡಿದಳು. ಹೇಳಿದ್ದು ವಿಷಯಕ್ಕೋ ನನಗೋ ತಿಳಿಯಲಿಲ್ಲ.

ನಲವತ್ತು ವರ್ಷ ಕೂಡಿಟ್ಟ ಆಸ್ತಿಗೆ ಇಂಥ ಹೆಸರೇ ಎಂದು ಸಂಕಟವಾಗಿ, ಆ ಪದದ ಕುಲಗೋತ್ರ ವಿಚಾರಿಸಲು ನಿಘಂಟು ತೆರೆದೆ. ಲ್ಯಾಟಿನ್ನಿನ ‘ತ್ರಿ’ ನಮ್ಮ ತ್ರಿಯೇ. ‘ವಿಯಾ’ ಅಂದರೆ ದಾರಿ. ಮೂರು ದಾರಿ ಕೂಡುವ ಜಾಗ! ಅಂಥಲ್ಲಿ ಹೋಗಿಬರುವವರ ಬಾಯಲ್ಲಿ ಬಿದ್ದದ್ದೆಲ್ಲ ಬೀದಿಮಾತು, ಟ್ರಿವಿಯಲ್. ರೋಮನ್ನರಿಗೆ ಟ್ರಿವಿಯಾ ಎಂಬ ದೇವತೆಯೂ ಇದ್ದಳು. ಗ್ರೀಕರು ಇಂಥದೇ ದೇವತೆ ಹೆಕಟೆಗೆ ಮೂರು ದಾರಿ ಕೂಡುವಲ್ಲಿ ಎಡೆ ಇಟ್ಟು ಬರುತ್ತಿದ್ದರು. ಓದಿ ಮೈ ಜುಮ್ಮೆಂದಿತು. ನಮ್ಮಜ್ಜಿಯೂ ನನಗೆ ದೃಷ್ಟಿ ತೆಗೆದು ಉಪ್ಪು, ಮೆಣಸಿನಕಾಯಿ ಸುರಿಯುತ್ತಿದ್ದುದು ಅಂಥ ಕಡೆಯೇ. ತುಳಿದವರಿಗೆ ಅಂಟಿಕೊಳ್ಳುತ್ತದೆ ಎಂದು ಹೆದರಿಸುತ್ತಿದ್ದಳು. ನಾನು ಎಲ್ಲೋ ತುಳಿದಿರಬೇಕು.

ಮಧ್ಯಯುಗದ ಯುರೋಪಿನಲ್ಲಿ ವ್ಯಾಕರಣ, ತರ್ಕ, ಭಾಷಣಕಲೆ ಈ ಮೂರಕ್ಕೂ ಸೇರಿ ಟ್ರಿವಿಯಂ ಎಂದೇ ಹೆಸರು. ಅದನ್ನು ದಾಟಿದವರಿಗಷ್ಟೇ ಗಣಿತ, ಸಂಗೀತ, ಖಗೋಳ. ಅಂಥ ಮನೆತನದ ಪದದ ಗತಿ ನೋಡಿ: ಲ್ಯಾಟಿನ್ನಿನಲ್ಲಿ ಟ್ರಿವಿಯಾ ಬಹುವಚನ. ಇಂಗ್ಲಿಷಿನಲ್ಲಿ ಈಗ ಸಾಮಾನ್ಯವಾಗಿ ಏಕವಚನದಲ್ಲೇ ಮಾತಾಡಿಸುತ್ತಾರೆ. ಚಿಲ್ಲರೆಗೆ ಬಹುವಚನ ಯಾರು ಕೊಡುತ್ತಾರೆ?

ಆದರೂ ಅದಕ್ಕೊಂದು ಶುಕ್ರದೆಸೆ ಬಂತು. 1979ರಲ್ಲಿ ಕೆನಡಾದ ಇಬ್ಬರು ಪತ್ರಕರ್ತರು ಸ್ಕ್ರ್ಯಾಬಲ್ ಆಡಲು ಕೂತರೆ ಬಿಲ್ಲೆಗಳೇ ಕಳೆದುಹೋಗಿದ್ದವಂತೆ. ಬೇರೆ ಆಟವನ್ನೇ ಕಟ್ಟಿದರು: ಟ್ರಿವಿಯಲ್ ಪರ್ಸ್ಯೂಟ್. ಬೇಡದ ಪ್ರಶ್ನೆ, ಬೇಡದ ಉತ್ತರ, ಅಷ್ಟೇ. 2008ರಲ್ಲಿ ಹ್ಯಾಸ್ಬ್ರೊ ಕಂಪನಿ ಅದರ ಹಕ್ಕು ಕೊಂಡದ್ದು 8 ಕೋಟಿ ಡಾಲರಿಗೆ!

ಬೆಳಗ್ಗೆ ಎದೆಯುಬ್ಬಿಸಿ ಇದನ್ನು ಹೇಳಿದೆ.

‘ನಿಮಗೆಷ್ಟು ಬಂತು?’ ಅಂದಳು ಇವಳು, ತರಕಾರಿ ಚೀಲ ಕೈಗಿಡುತ್ತಾ.

ಬಸ್ಸು ಹತ್ತಿ ಐನೂರರ ನೋಟು ಚಾಚಿದೆ. ಕಂಡಕ್ಟರು ಸಿಡುಕಿದ: ‘ಬೆಳಬೆಳಗ್ಗೆ ಎಲ್ರೂ ಐನೂರು ಕೊಟ್ರೆ ಹೆಂಗೆ ಸಾರ್? ಚಿಲ್ಲರೆ ಕೊಡಿ, ಚಿಲ್ಲರೆ!’

ನನ್ನಿಂದ ಅದನ್ನು ಬಾಯಿಬಿಟ್ಟು ಕೇಳಿದವನು ಈ ಲೋಕದಲ್ಲಿ ಅವನೊಬ್ಬನೇ. ತಲೆತುಂಬ ಇತ್ತು. ಜೇಬಿನಲ್ಲಿರಲಿಲ್ಲ.