ಎಣ್ಣೆಯ ನಿರ್ಗಮನ ಶಾಸ್ತ್ರ

ಒಳಗೆ ಬರುವ ದಾರಿಗೆ ಮನುಷ್ಯ ತೋರುವ ಆದರವನ್ನು ಹೊರಗೆ ಹೋಗುವ ದಾರಿಗೆ ತೋರಿದ ನಿದರ್ಶನಗಳು ಬಹಳ ಕಡಿಮೆ. ಮುಂಬಾಗಿಲಿಗೆ ತೋರಣ, ಹೊಸ್ತಿಲಿಗೆ ಅರಿಶಿನ ಕುಂಕುಮ, ಅಂಗಳಕ್ಕೆ ರಂಗೋಲಿ ಎಂದು ಒಂದೊಂದಕ್ಕೂ ಶಾಸ್ತ್ರ ಕಟ್ಟಿದ ಸಮಾಜ ಬಚ್ಚಲ ಮೋರಿಯನ್ನು ಮನೆಯ ಹಿಂದಕ್ಕೆ ಕಳುಹಿಸಿ, ಅದು ಕಟ್ಟಿಕೊಂಡ ದಿನ ಮಾತ್ರ ಅದರ ಅಸ್ತಿತ್ವವನ್ನು ಒಪ್ಪಿಕೊಳ್ಳುತ್ತದೆ. ಯಂತ್ರಲೋಕದಲ್ಲಿ ಈ ತಾರತಮ್ಯಕ್ಕೆ ಅತ್ಯಂತ ಹೆಚ್ಚಿನ ದಂಡ ತೆರುವವರು, ಕಾರಿನ ರೋಟರಿ ಎಂಜಿನನ್ನು ತಂದು, ಅದಕ್ಕೆ ಟರ್ಬೋಚಾರ್ಜರ್ ಜೋಡಿಸಿ, ಮನೆಯ ಶೆಡ್ಡಿನಲ್ಲಿ ತಾವೇ ಕಟ್ಟಿಕೊಂಡ ವಿಮಾನದ ಮೂತಿಗೆ ಬಿಗಿಯುವ ಸಾಹಸಿಗಳು. ಟರ್ಬೋಚಾರ್ಜರಿಗೆ ಹೋದ ಎಣ್ಣೆ ಅಲ್ಲಿಂದ ಯಾವ ದಾರಿಯಾಗಿ ಹಿಂದಿರುಗಬೇಕು ಎಂಬ ಒಂದು ಕೊಳವೆಯ ಪ್ರಶ್ನೆ ಅವರ ನಿದ್ದೆಯನ್ನು ಕೆಡಿಸಿದಷ್ಟು ರೆಕ್ಕೆಯ ವಿನ್ಯಾಸವೂ ಕೆಡಿಸುವುದಿಲ್ಲ.

ಈ ಗಹನ ವಿಷಯವನ್ನು ಮೈಸೂರಿನ ಅಶೋಕಪುರಂನಿಂದ ನೋಡುವುದು ಮೇಲುನೋಟಕ್ಕೆ ಅಸಂಗತವೆನಿಸಬಹುದು, ಏಕೆಂದರೆ ಅಲ್ಲಿ ನಿಲ್ಲುವುದು ರೈಲು, ವಿಮಾನವಲ್ಲ. ಆದರೆ 1924ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆ ಸ್ಥಾಪಿಸಿದ ಕಾರ್ಯಾಗಾರ ಇರುವುದು ಇಲ್ಲಿಯೇ; ನಂಜನಗೂಡಿನ ಕಡೆಗೆ ಹೊರಟ ಹಳಿ ಈ ಬಡಾವಣೆಯನ್ನು ದಾಟಿ, ಮಂಡಕಳ್ಳಿಯ ವಿಮಾನ ನಿಲ್ದಾಣದ ಪಕ್ಕದಲ್ಲೇ ಹಾದುಹೋಗುತ್ತದೆ. ಉಗಿಬಂಡಿಯ ಕಾಲದಲ್ಲಿ ಗಾಲಿಯ ಅಚ್ಚಿಗೆ ಉಣಿಸಿದ ಎಣ್ಣೆ ಹಿಂದಿರುಗಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಅದು ತನ್ನ ಕೆಲಸ ಮುಗಿಸಿ ಹಳಿಯ ಮೇಲೆ ತೊಟ್ಟಿಕ್ಕಿ ಮುಕ್ತಿ ಪಡೆಯುತ್ತಿತ್ತು, ನಿಂತ ನಿಲ್ದಾಣದಲ್ಲಿ ಸಿಬ್ಬಂದಿ ಅಚ್ಚಿನ ಪೆಟ್ಟಿಗೆಗೆ ಅಂಗೈಯ ಹಿಂಬದಿಯನ್ನು ತಾಗಿಸಿ ಅದಕ್ಕೆ ಜ್ವರ ಬಂದಿದೆಯೇ ಎಂದು ನೋಡುತ್ತಿದ್ದರು. ನೆಲದ ಮೇಲಿನ ಈ ಔದಾರ್ಯ ಆಕಾಶದಲ್ಲಿ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಮುಂದಿನ ನಿಲ್ದಾಣ ಎಂಬುದಿಲ್ಲ.

ಆಕಾಶದಲ್ಲಿಯೂ ಒಮ್ಮೆ ಈ ಔದಾರ್ಯ ನಡೆದಿತ್ತು ಎಂಬುದು ಚರಿತ್ರೆಯ ಸ್ವಾರಸ್ಯ. ರೋಟರಿ ಎಂಬ ಹೆಸರು ಎರಡು ಬೇರೆ ಕುಲದ ಎಂಜಿನುಗಳಿಗೆ ಸಲ್ಲುತ್ತದೆ. ಮೊದಲನೆಯದು ಮೊದಲನೇ ಮಹಾಯುದ್ಧದ ಕಾಲದ ನೋಮ್ ಮುಂತಾದವು. ಇವುಗಳಲ್ಲಿ ಪ್ರೊಪೆಲ್ಲರಿನ ಜೊತೆಗೆ ಸಿಲಿಂಡರುಗಳ ಸಮೂಹವೇ ಗಿರಗಿರನೆ ಸುತ್ತುತ್ತಿತ್ತು. ಪೆಟ್ರೋಲಿನೊಂದಿಗೆ ಸುಲಭವಾಗಿ ಬೆರೆಯದ ಗುಣವುಳ್ಳದ್ದೆಂದು ಇವುಗಳಿಗೆ ಉಣಿಸಲು ಆರಿಸಿಕೊಂಡದ್ದು ಹರಳೆಣ್ಣೆಯನ್ನು, ಮತ್ತು ಆ ಹರಳೆಣ್ಣೆ ಹಿಂದಿರುಗಲು ಯಾವ ಕೊಳವೆಯೂ ಇಲ್ಲದ ಕಾರಣ ಅದು ಹೊಗೆಯ ಜೊತೆ ಸಿಡಿದು ಹಿಂದೆ ಕುಳಿತ ಪೈಲಟ್ಟಿನ ಮುಖ, ಮೂಗು, ಬಾಯಿಗಳನ್ನು ಸೇರುತ್ತಿತ್ತು. ಹರಳೆಣ್ಣೆ ಹೊಟ್ಟೆಗೆ ಹೋದರೆ ಮುಂದೇನಾಗುತ್ತದೆ ಎಂಬುದನ್ನು ಬಾಲ್ಯದಲ್ಲಿ ಅಜ್ಜಿಯ ಒಳಲೆಗೆ ಬಾಯೊಡ್ಡಿದ ಕನ್ನಡಿಗರಿಗೆ ವಿವರಿಸಬೇಕಿಲ್ಲ. ಎಣ್ಣೆಗೆ ನಿರ್ಗಮನ ಮಾರ್ಗವನ್ನು ಕೊಡದಿದ್ದರೆ ಅದು ಪೈಲಟ್ಟಿನ ಮಾರ್ಗವನ್ನೇ ಬಳಸಿಕೊಳ್ಳುತ್ತದೆ ಎಂಬುದು ಈ ಶಾಸ್ತ್ರದ ಮೊದಲ ಸೂತ್ರ.

ಎರಡನೆಯ ಕುಲದ್ದು ಜರ್ಮನಿಯ ಫೆಲಿಕ್ಸ್ ವಾಂಕೆಲ್ ಹೆಸರಿನಲ್ಲಿ ಪ್ರಸಿದ್ಧವಾದ, 1957ರಲ್ಲಿ ಮೊದಲ ಮಾದರಿ ಓಡಿದ ಎಂಜಿನ್. ಇದರಲ್ಲಿ ಮೇಲೆ ಕೆಳಗೆ ಹಾರುವ ಪಿಸ್ಟನ್ ಇಲ್ಲ, ತೆರೆದು ಮುಚ್ಚುವ ವಾಲ್ವುಗಳಿಲ್ಲ. ಸೊಂಟ ಸ್ವಲ್ಪ ಬಿಗಿದ ಅಂಡಾಕಾರದ ಡಬ್ಬಿಯೊಳಗೆ, ಬದಿಗಳು ಉಬ್ಬಿದ ತ್ರಿಕೋನಾಕಾರದ ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ನಡುವಿನ ದಂಡ ಮೂರು ಸುತ್ತು ಬಂದಿರುತ್ತದೆ. ಕರ್ನಾಟಕಕ್ಕೆ ಇದು ಅಪರಿಚಿತವಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ರಕ್ಷಣಾ ಇಲಾಖೆಯ ಪ್ರಯೋಗಾಲಯಗಳೊಂದಿಗೆ ಸೇರಿ ರೂಪಿಸಿದ 55 ಅಶ್ವಶಕ್ತಿಯ ವಾಂಕೆಲ್ ಎಂಜಿನ್ 2009ರ ಮಾರ್ಚ್ ತಿಂಗಳಲ್ಲಿ ಕೋಲಾರದ ಬಳಿ ನಿಶಾಂತ್ ಎಂಬ ಪೈಲಟ್‌ರಹಿತ ವಿಮಾನವನ್ನು ಹಾರಿಸಿತು. ಅದರ ತೂಕ ಸುಮಾರು 30 ಕಿಲೋ, ಎಂದರೆ ಒಂದು ಮೂಟೆ ಸಿಮೆಂಟಿಗಿಂತ ಕಡಿಮೆ. ಹೊರದೇಶಗಳ ಮನೆವಿಮಾನಿಗರು ಹುಡುಕಿ ತರುವುದು ಇದಕ್ಕಿಂತ ದೊಡ್ಡ ಬಳಗದ, ಮಾಜ್ದಾ ಕಾರಿನ 13ಬಿ ಎಂಬ ಎಂಜಿನನ್ನು. ಎರಡು ರೋಟರ್, ಒಂದು ದಂಡ ಎಂದು ಮೂರೇ ಮುಖ್ಯ ಚಲಿಸುವ ಭಾಗಗಳಿರುವಲ್ಲಿ ಕೆಡುವುದಕ್ಕೆ ಏನು ತಾನೆ ಉಳಿದಿದೆ ಎಂಬುದು ಅವರ ವಾದ. ಉಳಿದಿರುವುದು ಕೊಳವೆಗಳು ಎಂಬುದು ಅನಂತರದ ಜ್ಞಾನೋದಯ.

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್ ಸೊರಗುವುದರಿಂದ ಟರ್ಬೋಚಾರ್ಜರಿನ ಅಗತ್ಯ ಬೀಳುತ್ತದೆ. ಎಂಜಿನ್ ಬಿಸುಡುವ ಬಿಸಿ ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುರುಕುವ ಈ ಸಾಧನದ ದಂಡ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ, ಮತ್ತು ಆ ವೇಗದಲ್ಲಿ ಅದು ಲೋಹದ ಮೇಲೆ ಕೂರದೆ ಎಣ್ಣೆಯ ತೆಳು ಪದರದ ಮೇಲೆ ತೇಲುತ್ತದೆ. ಈ ಎಣ್ಣೆ ಮೇಲಿನಿಂದ ಸಣ್ಣ ಕೊಳವೆಯಲ್ಲಿ, ಪಂಪಿನ ಒತ್ತಡದೊಂದಿಗೆ, ದಿಬ್ಬಣದ ಹಾಗೆ ಬರುತ್ತದೆ. ಹೊರಡುವಾಗ ಮಾತ್ರ ಒತ್ತಡವನ್ನೆಲ್ಲ ಕಳೆದುಕೊಂಡು, ಕಡೆದ ಮಜ್ಜಿಗೆಯಂತೆ ನೊರೆಯೆದ್ದು, ಕೇವಲ ತನ್ನ ಭಾರವನ್ನೇ ನಂಬಿ ಇಳಿಯಬೇಕಾಗುತ್ತದೆ. ಆದ್ದರಿಂದಲೇ ಬರುವ ಕೊಳವೆ ಪೆನ್ಸಿಲ್ಲಿನಷ್ಟು ತೆಳ್ಳಗಿದ್ದರೂ ಹೋಗುವ ಕೊಳವೆ ಹೆಬ್ಬೆರಳಿನಷ್ಟಾದರೂ ದಪ್ಪವಿರಬೇಕು. ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಬೇಡವೆಂಬ ಗಾದೆ ಈ ಎಣ್ಣೆಗೆ ಅನ್ವಯಿಸುವುದಿಲ್ಲ. ದಾರಿಯುದ್ದಕ್ಕೂ ಇಳಿಜಾರು ಇರಬೇಕು, ನಡುವೆ ಎಲ್ಲಿಯೂ ಕೊಳವೆ ಜೋತುಬಿದ್ದು ಮತ್ತೆ ಏರಬಾರದು, ಕೊನೆಗೆ ಅದು ಎಂಜಿನಿನ ಸಂಪನ್ನು ಎಣ್ಣೆಯ ಮಟ್ಟಕ್ಕಿಂತ ಮೇಲೆಯೇ ಸೇರಬೇಕು ಎಂಬ ಮೂರು ಅಪ್ಪಣೆಗಳಿಗೆ ಅದು ಬದ್ಧ. ಸಂಪು ಎಂದರೆ ಕನ್ನಡನಾಡಿನ ಮನೆಗಳಲ್ಲಿ ನಲ್ಲಿನೀರು ತುಂಬಿಸುವ ನೆಲದಡಿಯ ತೊಟ್ಟಿ, ಎಂಜಿನಿನಲ್ಲಿ ಎಣ್ಣೆ ತಂಗುವ ತಳದ ತೊಟ್ಟಿ. ಎರಡರಲ್ಲಿಯೂ ಎಷ್ಟಿದೆಯೆಂದು ಕೋಲು ಇಳಿಸಿಯೇ ನೋಡುವುದರಿಂದ ಪದದ ಸಂಬಂಧ ನ್ಯಾಯವಾಗಿಯೇ ಇದೆ.

ಇಳಿಜಾರಿನ ಹಠ ಮೈಸೂರಿಗೆ ಹಿಂದೆಯೇ ಅರ್ಥವಾಗಿತ್ತು. ಕಾವೇರಿಯನ್ನು ನಗರಕ್ಕೆ ತರಲು ದಿವಾನ್ ಪೂರ್ಣಯ್ಯನವರು ತೋಡಿಸಿದ ನಾಲೆ ಗುರಿ ಮುಟ್ಟಲಿಲ್ಲ; ದಿವಾನರ ಮಾತಿಗೆ ಸಂಸ್ಥಾನ ಬಗ್ಗಿದರೂ ಉಬ್ಬುತಗ್ಗಿನ ನೆಲ ಬಗ್ಗಲಿಲ್ಲ. ಟರ್ಬೋಚಾರ್ಜರಿನಿಂದ ಇಳಿಯುವ ಎಣ್ಣೆಗೆ ಇಷ್ಟರ ಮೇಲೆ ಗಾಳಿಯ ಕಾಟವೂ ಇದೆ. ಎಂಜಿನಿನ ಒಡಲೊಳಗೆ ಸೋರಿದ ಅನಿಲ ಸಂಪಿನಲ್ಲಿ ತುಂಬಿಕೊಂಡು ಹೊರಹೋಗಲು ಕಿಂಡಿಯಿಲ್ಲದಿದ್ದರೆ, ಅದು ಇಳಿದು ಬರುತ್ತಿರುವ ಎಣ್ಣೆಯನ್ನು ಕೆಳಗಿನಿಂದಲೇ ತಡೆಯುತ್ತದೆ. ಇದನ್ನು ತಿಳಿಯಲು ಪ್ರಯೋಗಾಲಯ ಬೇಡ, ಕಾಫಿ ಫಿಲ್ಟರ್ ಸಾಕು: ಮೇಲಿನ ಬಟ್ಟಲು ಕೆಳಗಿನದರ ಮೇಲೆ ಅತಿ ಬಿಗಿಯಾಗಿ ಕೂತರೆ ಒಳಗೆ ಸಿಕ್ಕಿಬಿದ್ದ ಗಾಳಿ ಡಿಕಾಕ್ಷನ್ನಿಗೆ ಜಾಗ ಬಿಡದೆ ತೊಟ್ಟಿಕ್ಕುವುದು ನಿಂತುಹೋಗುತ್ತದೆ, ಆಗ ಮನೆಯಾಕೆ ಬಟ್ಟಲನ್ನು ಕೊಂಚ ಸಡಿಲಿಸಿ ತಲೆಗೆ ಎರಡು ಪೆಟ್ಟು ಕೊಡುತ್ತಾಳೆ. ಐದು ಸಾವಿರ ಅಡಿಯ ಮೇಲೆ ಟರ್ಬೋಚಾರ್ಜರಿನ ತಲೆಗೆ ಹಾಗೆ ಕುಟ್ಟುವ ಅನುಕೂಲವಿಲ್ಲ.

ಹೀಗೆ ತಡೆದ ಎಣ್ಣೆ ಸುಮ್ಮನಿರುವುದಿಲ್ಲ. ಟರ್ಬೋಚಾರ್ಜರಿನ ದಂಡದ ಎರಡು ತುದಿಗಳಲ್ಲಿರುವ ಸೀಲುಗಳು ಲೋಹದ ತೆಳು ಬಳೆಗಳಷ್ಟೇ. ಅವು ಗಾಳಿಯನ್ನು ತಡೆಯಲು ಇವೆಯೇ ಹೊರತು ತುಂಬಿ ನಿಂತ ಎಣ್ಣೆಯನ್ನಲ್ಲ. ಎಣ್ಣೆ ಅವನ್ನು ದಾಟಿ ಬಿಸಿ ಚಕ್ರದ ಕಡೆ ಸೋರಿದೊಡನೆ ನೀಲಿ ಹೊಗೆ ಏಳುತ್ತದೆ. ಬೇರೆ ಎಂಜಿನಿನಲ್ಲಾದರೆ ಹೊಗೆ ಕಂಡ ಕೂಡಲೇ ರೋಗ ಪತ್ತೆಯಾಗುತ್ತಿತ್ತು; ವಾಂಕೆಲ್ ಎಂಜಿನ್ ರೋಟರಿನ ಮೂಲೆಯ ಸೀಲುಗಳನ್ನು ನುಣುಪಾಗಿಡಲು ಪ್ರತಿ ಗಳಿಗೆಯೂ ಒಂದಿಷ್ಟು ಎಣ್ಣೆಯನ್ನು ಸುಡುವುದನ್ನೇ ಧರ್ಮವಾಗಿ ಇಟ್ಟುಕೊಂಡಿರುವುದರಿಂದ, ಯಾವ ಹೊಗೆ ಸ್ವಧರ್ಮದ್ದು, ಯಾವುದು ಟರ್ಬೋಚಾರ್ಜರಿನ ಅಧರ್ಮ ಎಂದು ಹೇಳುವುದು ಕಷ್ಟ. ಯಾದವಗಿರಿಯ ಕಾರ್ಖಾನೆಯಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿ ಬೈಕುಗಳ ಪೆಟ್ರೋಲಿಗೆ ಎಣ್ಣೆ ಬೆರೆಸಿ, ಬೀದಿಯುದ್ದಕ್ಕೂ ಹೊಗೆಯ ಜರತಾರಿ ಎಳೆದು ತಿರುಗಿದ ಮೈಸೂರಿನ ಹಿರಿಯರಿಗೆ ಈ ತತ್ತ್ವಸಂಕಟ ತಕ್ಷಣ ತಿಳಿಯುತ್ತದೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರನ್ನು ಗಾದೆ ಹಾಸ್ಯ ಮಾಡಿದೆ. ಎಣ್ಣೆ ಹೋಗುವಾಗ ಕಣ್ಣು ಮುಚ್ಚಿಕೊಂಡವರ ವಿಷಯದಲ್ಲಿ ಗಾದೆ ಹುಟ್ಟುವ ಮೊದಲೇ ಎಂಜಿನ್ ಕೆಟ್ಟಿರುತ್ತದೆ.

ಕೊನೆಯ ಸಂಕಟ ಜಾಗದ್ದು. ಮೂತಿಯ ಹೊದಿಕೆಯೊಳಗೆ ರೇಡಿಯೇಟರಿಗೂ ಹೊಗೆಕೊಳವೆಗೂ ಜಾಗ ಹಂಚಿದ ಮೇಲೆ ಟರ್ಬೋಚಾರ್ಜರಿಗೆ ದಕ್ಕುವುದು ಅಡಿಯ ಮೂಲೆ, ಅನೇಕ ವೇಳೆ ಸಂಪಿನ ಮಟ್ಟಕ್ಕಿಂತಲೂ ಕೆಳಗೆ. ಸಾಲದೆಂಬಂತೆ, ಗ್ಯಾರೇಜಿನಲ್ಲಿ ರಸಮಟ್ಟ ಹಿಡಿದು ಸಾಧಿಸಿದ ಇಳಿಜಾರು ವಿಮಾನ ಮೂತಿ ಎತ್ತಿದ ಕ್ಷಣ ಏರುಜಾರಾಗುತ್ತದೆ. ಹಠವಾದಿಗಳು ಟರ್ಬೋಚಾರ್ಜರನ್ನು ಮೇಲಕ್ಕೆತ್ತಿ ಹೊದಿಕೆಗೆ ಗೂನು ಬರಿಸುತ್ತಾರೆ. ವ್ಯವಹಾರಜ್ಞರು ಇಳಿದ ಎಣ್ಣೆಯನ್ನು ಹೀರಿ ಮೇಲಕ್ಕೆ ಕಳುಹಿಸಲು ಇನ್ನೊಂದು ಪಂಪು ಇಡುತ್ತಾರೆ. ಎನ್‌ಎಎಲ್‌ನ ಹಂಸ-3 ತರಬೇತಿ ವಿಮಾನಕ್ಕೆ ಅಳವಡಿಸಿದ ರೋಟಾಕ್ಸ್ 914 ಎಂಜಿನ್ ರೋಟರಿಯಲ್ಲದ, ನಾಲ್ಕು ಸಿಲಿಂಡರಿನ ಸಂಸಾರಿ. ಆದರೂ ಅದರ ಟರ್ಬೋಚಾರ್ಜರ್ ತಗ್ಗಿನಲ್ಲಿ ಕುಳಿತಿರುವುದರಿಂದ ಅದಕ್ಕೊಂದು ಪುಟ್ಟ ಬಟ್ಟಲು, ಬಟ್ಟಲಿನ ಎಣ್ಣೆಯನ್ನು ಟ್ಯಾಂಕಿಗೆ ಮರಳಿಸಲು ಪಂಪು, ಎರಡೂ ಇವೆ. ಉಳಿದ ಎಂಜಿನಿನ ಎಣ್ಣೆಯನ್ನು ಟ್ಯಾಂಕಿಗೆ ತಳ್ಳುವ ಕೆಲಸವನ್ನು ಮಾತ್ರ, ಬೇರೆಡೆ ಶತ್ರುವೆನಿಸಿದ ಆ ಸೋರಿದ ಅನಿಲವೇ ಕೂಲಿಯಿಲ್ಲದೆ ಮಾಡುತ್ತದೆ.

ಆದ ಕಾರಣ ಎಣ್ಣೆಯ ಮಟ್ಟ ಅಳೆಯುವ ಮುನ್ನ ಪೈಲಟ್ಟು ಇಗ್ನಿಶನ್ ಆರಿಸಿ, ಪ್ರೊಪೆಲ್ಲರನ್ನು ಕೈಯಿಂದ ಮೆಲ್ಲಗೆ ತಿರುವುತ್ತ, ಒಡಲಿನ ಎಣ್ಣೆಯೆಲ್ಲ ಟ್ಯಾಂಕು ಸೇರಿ ಹಿಂದೆಯೇ ಗಾಳಿ ಗುಳುಗುಳು ಎನ್ನುವವರೆಗೆ ಕಿವಿಗೊಟ್ಟು ನಿಲ್ಲಬೇಕೆಂಬುದು ಈ ಎಂಜಿನಿನ ನಿಯಮ. ಹಾಲುಂಡ ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುವ ತಾಯಿಯೂ ಇದಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ. ತೇಗು ಬಂದ ಮೇಲೆಯೇ ಕೋಲು ಇಳಿಸಿ ನೋಡಬೇಕು.